ಮೊದಲು ನನ್ನ ಕಿವಿಗೆ

೧೯ ಮೇ, ಭಾನುವಾರ, ಮಾಂಗೆರೆ

ತಂಗಿ ಮೆಲಿಯಾಮೆ, ನಿನ್ನ ಮೊಣಕಾಲು ನೋವು ಹೇಗಿದೆ? ನಿನ್ನ ಗಂಡ ಪೆನಿಯ ಕೆಮ್ಮು ಇಳಿಯಿತೇ, ಇಲ್ಲ ಇನ್ನೂ ಪಾದ್ರಿ ಪ್ರಾರ್ಥನೆಗೆ ನಿಂತ ಹೊತ್ತಿಗೇ ಸರಿಯಾಗಿ ಶುರುಮಾಡುತ್ತಾನೆಯೇ? ಸೊಸೆ ವಾಯ್‌ಸೀನಿ ಬಸುರಿನಲ್ಲಿ ಚೆನ್ನಾಗಿ ಉಣ್ಣುತ್ತಿದ್ದಾಳೆಯೇ? ಪುಟ್ಟ ಹಾಲಾನಿಗೆ ಹಲ್ಲು ಬಂದವೇ? ಎಲ್ಲರನ್ನೂ ಹೆಸರು ಹಿಡಿದು ಕೇಳಿದೆನೆಂದು ಹೇಳು.

ಹೇಳು ಎಂದೆ, ಆದರೆ ಈ ಕಾಗದ ನಿನಗೆ ಬರುವುದಿಲ್ಲ. ಬಂದರೆ ಕೊನೆಯ ಸಾಲು ಓದುವ ಮೊದಲೇ ನೀನು ಅಲ್ಲಿ ಹಾಪಾಯಿ ದ್ವೀಪದಿಂದ ಇಲ್ಲಿ ನಮ್ಮ ತಮ್ಮ ಕೆಲೆಪಿಗೆ ಫೋನ್ ಮಾಡುತ್ತೀ. ಇದು ನನ್ನ ಪುಸ್ತಕದಲ್ಲೇ ಇರಲಿ. ನಿನಗೆ ಕಾಗದ ಬರೆದು ಬರೆದೇ ಅಕ್ಷರ ಕಲಿತವಳು ನಾನು. ನನಗೋಸ್ಕರ ಬರೆಯಲು ಕೂತರೂ ಕೈ ನಿನ್ನ ಮೊಣಕಾಲನ್ನೇ ಕೇಳುತ್ತದೆ.

ನಿನ್ನೆ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ದೊಡ್ಡಪ್ಪನ ಮೊಮ್ಮಗನ ಇಪ್ಪತ್ತೊಂದನೇ ಹುಟ್ಟುಹಬ್ಬ. ಹಾಡು ಹಾಕಲು ಮಾಕಾನನ್ನು ಕರೆಸಿದ್ದರು. ಅವನೇ, ವಾರವಿಡೀ ಬಸ್ಸು ಓಡಿಸಿ ಶನಿವಾರ ಡಿಜೆ ಆಗುವವನು. ಅಕ್ಕತಂಗಿಯರು ಕೂತ ಕೋಣೆಯಲ್ಲಿ ಅಣ್ಣತಮ್ಮಂದಿರು ಕಾಲು ಚಾಚಿ ಟೀವಿಯನ್ನೂ ನೋಡದ ಜನ ನಾವು. ಅಂಥವರ ನೆತ್ತಿಯ ಮೇಲೆ, ಆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ, ಒಬ್ಬ ಗಂಡಸು ಒಬ್ಬ ಹೆಂಗಸಿನ ಮೈಯ ಬಗ್ಗೆ ಹಾಡಿದ್ದನ್ನು ನಾನು ಇಲ್ಲಿ ಬರೆಯುವುದೂ ಇಲ್ಲ. ಒಂದೇ ಸಾಲು, ಹಾಡಿನ ನಟ್ಟನಡುವೆ. ಕೆಲೆಪಿ ತಟ್ಟೆ ಕೆಳಗಿಟ್ಟ. ನನ್ನ ಕಡೆ ನೋಡಲಿಲ್ಲ, ನೋಡಬಾರದು. ಎದ್ದು ಹೋದ. ಅವನ ಹಿಂದೆ ಅಕ್ಕತಂಗಿಯರಿರುವ ಗಂಡಸರೆಲ್ಲ ಹೋದರು, ಅಂದರೆ ಎಲ್ಲ ಗಂಡಸರೂ. ಹುರಿದ ಹಂದಿ ಮುಟ್ಟುವವರಿಲ್ಲದೆ ತಣ್ಣಗಾಯಿತು. ಹುಟ್ಟುಹಬ್ಬದ ಹುಡುಗ ಹೂಮಾಲೆ ಹಾಕಿಕೊಂಡು ಒಬ್ಬನೇ ನಿಂತಿದ್ದ.

ಮಾಕಾನ ಕಿವಿ ಹಿಂಡಬೇಕಿತ್ತು. ಸಮಾರಂಭದ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಯ ಗಂಟು ಬಿಗಿಯಾಗಿತ್ತು, ಏಳುವಷ್ಟರಲ್ಲಿ ಅವನು ವೈರು ಸುತ್ತಿಕೊಂಡು ಪಾರಾಗಿದ್ದ.

೨೧ ಮೇ, ಮಂಗಳವಾರ

ಕೆಲೆಪಿಯ ಹೆಂಡತಿ ಸೆಲಾ ಬಂದಿದ್ದಳು. ಗಂಡನ ಮಾತನ್ನು ಹೊತ್ತು ತರುವಾಗ ಅವಳ ಮುಖ ತುಂಬಿದ ಕೊಡದ ಹಾಗಿರುತ್ತದೆ.

"ಅತ್ತಿಗೆ, ನಿಮ್ ತಮ್ಮ ಹೇಳಿ ಕಳ್ಸಿದಾರೆ. ಲೆಸಿಯೆಲಿ ಹುಟ್ಟುಹಬ್ಬಕ್ಕೆ ಮಿಷಿನ್ ಹಾಡು ಬೇಡ್ವಂತೆ. ಚರ್ಚಿನ ಬ್ಯಾಂಡು ಸಾಕಂತೆ."

"ಬ್ಯಾಂಡಿನವ್ರು ಊದೋದು ಕೀರ್ತನೆ ಕಣೇ. ಹುಡುಗಿ ಕೀರ್ತನೆಗೆ ಕುಣೀತಾಳಾ?"

"ನಾನೂ ಅದನ್ನೇ ಕೇಳ್ದೆ."

"ಏನಂದ?"

"ಕಾರು ತೊಳ್ಯಕ್ಕೆ ಹೋದ್ರು."

ಕೆಲೆಪಿಯ ಮಗಳು ಲೆಸಿಯೆಲಿ ಹೋದ ವರ್ಷದಿಂದ ನಮ್ಮಮ್ಮ ಕುಣಿಯುತ್ತಿದ್ದ ಹಾಡಿಗೇ ಟಾವೊಲುಂಗಾ ಕಲಿಯುತ್ತಿದ್ದಾಳೆ. ಬೆರಳು ಒಂದೊಂದೂ ಮಾತಾಡುವ ಆ ನೃತ್ಯ. ಅಮ್ಮನ ಹಾಡು ಉಳಿದಿರುವುದು ಹಳೆಯ ಧ್ವನಿಮುದ್ರಣದಲ್ಲಿ ಮಾತ್ರ. ಮಿಷಿನ್ ಇಲ್ಲದಿದ್ದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ಅವಳಿಗೆ ಕುಣಿತವಿಲ್ಲ. ಒಬ್ಬ ಬಸ್ಸಿನವನ ಅಜಾಗರೂಕತೆಗೆ ಅಮ್ಮನ ಹಾಡಿಗೆ ಶಿಕ್ಷೆಯೇ?

ಕೆಲೆಪಿಗೆ ನಾನೇ ಹೇಳೋಣವೆಂದರೆ ಏನೆಂದು ಹೇಳಲಿ? ಆ ಸಾಲು ತಪ್ಪಾಯಿತು ಅನ್ನಬೇಕಾದರೆ ಆ ಸಾಲಿನ ಮಾತು ಎತ್ತಬೇಕು. ಅಕ್ಕ ತಮ್ಮನ ಮುಂದೆ ಅದನ್ನು ಎತ್ತುವಂತಿಲ್ಲ. ಹೀಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತರೆ ಹುಡುಗಿಯ ದಿನ ಹಾಳಾಗುತ್ತದೆ.

"ಹಾಡು ನಾನೇ ಹಾಕ್ತೀನಿ ಅಂತ ಹೇಳು," ಎಂದೆ.

ಸೆಲಾ ನಕ್ಕಳು. ಬಹಳ ಹೊತ್ತು ನಕ್ಕಳು. ಅವಳಿಗೆ ಚಹಾ ಕೊಡದೆ ಕಳಿಸಿದೆ.

೨೫ ಮೇ, ಶನಿವಾರ

ಸಂಗೀತದ ಅಂಗಡಿಗೆ ಹೋಗಿದ್ದೆ. ಆ ಸಾಮಾನಿಗೆ ಡಿಜೆ ಕಂಟ್ರೋಲರ್ ಎನ್ನುತ್ತಾರೆ. ಅಗಲವಾದ ಹಲಗೆ, ಎರಡು ತಿರುಗುವ ತಟ್ಟೆ, ನಡುವೆ ಸದ್ದು ಏರಿಸಿ ಇಳಿಸುವ ಗುಬುಟುಗಳು. ಕಂಪ್ಯೂಟರಿನಲ್ಲಿರುವ ಹಾಡನ್ನು ಇದರಿಂದ ಆಡಿಸುವುದು.

ಅಂಗಡಿಯ ಹುಡುಗನಿಗೆ ಒಂದು ಕಿವಿಯಲ್ಲಿ ನನ್ನ ಬಳೆಯಷ್ಟು ದೊಡ್ಡ ತೂತು. "ಮೊಮ್ಮಗನಿಗಾ?" ಎಂದ.

"ನನಗೆ."

"ಓಹೋ. ಮೊಮ್ಮಗನ ವಯಸ್ಸೆಷ್ಟು?"

ಎರಡನೇ ಸಲ ಹೇಳಿದ ಮೇಲೂ ನನ್ನ ಹೆಗಲ ಮೇಲಿಂದ ಹಿಂದೆ ಇಣುಕಿದ. ಮೊಮ್ಮಗ ಅಲ್ಲೆಲ್ಲೋ ಅಡಗಿದ್ದಾನೆ ಎಂಬ ಹಾಗೆ. ಆಮೇಲೆ ಒಂದನ್ನು ಹಚ್ಚಿ ತೋರಿಸಿದ. ಕೆಂಪು, ಹಸಿರು, ನೇರಳೆ ದೀಪಗಳು ಒಟ್ಟಿಗೆ ಕುಣಿದವು.

"ಹೊಸಬ್ರೆಲ್ಲ ಇದನ್ನೇ ತಗೊಳ್ಳೋದು ಅಜ್ಜಿ. ಬಟನ್ ಒತ್ತಿದ್ರೆ ಗುಂಡಿನ ಸದ್ದೂ ಬರುತ್ತೆ."

"ಗುಂಡಿನ ಸದ್ದು ಯಾಕಪ್ಪಾ? ನಮ್ಮದು ಚರ್ಚಿನ ಸಭಾಂಗಣ."

"ಮಜಾಕ್ಕೆ."

ನಾನು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ. ಮುಂದಿನ ಹಾಡು ಜನಕ್ಕೆ ಕೇಳಿಸುವ ಮೊದಲು ನನ್ನೊಬ್ಬಳಿಗೇ ಕೇಳಿಸುವುದು ಯಾವುದು? "ಎಲ್ಲಾದ್ರಲ್ಲೂ ಆಗುತ್ತೆ ಅಜ್ಜಿ," ಎಂದು ಇನ್ನಷ್ಟು ದೀಪ ಹಚ್ಚಿದ. ಹೇಗೆ ಎಂದು ಕೇಳಿದರೆ ಅವನಿಗೆ ಫೋನ್ ಬಂತು. ಬರಿಗೈಯಲ್ಲಿ ವಾಪಸ್ಸು ಬಂದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಆ ದೈತ್ಯ ಯಂತ್ರಗಳನ್ನು ಜೀವಮಾನವೆಲ್ಲ ನಡೆಸಿದವಳಿಗೆ ಈ ಹಲಗೆ ಯಾವ ಲೆಕ್ಕ?

೨೬ ಮೇ, ಭಾನುವಾರ

ಚರ್ಚು ಮುಗಿಸಿ ಬಂದು ಕೆಸುವಿನೆಲೆಯ ಪೊಟ್ಟಣಗಳನ್ನು ಒಲೆಯಿಂದ ತೆಗೆಯುತ್ತಿದ್ದೆ. ಬಾಗಿಲಲ್ಲಿ ಮಾಕಾ, ಕೈಯಲ್ಲಿ ಕೇಕು. ತಲೆ ಎತ್ತದೆ ನೆಲದ ಮೇಲೆ ಕೂತ.

"ದೊಡ್ಡಮ್ಮ, ತಪ್ಪಾಯ್ತು."

"ತಪ್ಪಾಯ್ತಂತೆ! ಆ ಹಾಡು ಹಾಕೋ ಮುಂಚೆ ಒಂದ್ಸಲ ಕೇಳಕ್ಕೇನಾಗಿತ್ತು ನಿಂಗೆ? ಕಿವೀಲಿ ಏನು, ಬಸ್ಸಿನ ಟಿಕೆಟ್ ತುರುಕಿದ್ಯಾ?"

"ಹಾಡಿನ ಹೆಸರಲ್ಲಿ ಶುದ್ಧ ಪ್ರತಿ, ಕೆಟ್ಟ ಮಾತು ತೆಗ್ದಿದ್ದು ಅಂತ ಬರ್ದಿತ್ತು ದೊಡ್ಡಮ್ಮ. ಅಲ್ಲೇ ಯಾರೋ ಕೇಳಿದ್ರು, ಇಳಿಸ್ಕೊಂಡೆ, ಹಾಕ್ದೆ. ನನ್ ಮಿಷಿನ್ನಿಗೆ ಹೆಡ್‌ಫೋನ್ ಹಾಕೋ ತೂತೇ ಇಲ್ಲ. ಜನ ಕೇಳ್ದಾಗ್ಲೇ ನಾನೂ ಕೇಳೋದು."

ಮೊದಲು ನಂಬಲಿಲ್ಲ. ಹೋಗಿ ಕಾರಿನಿಂದ ತಂದು ತೋರಿಸಿದ. ದೀಪಗಳಿವೆ, ಗುಂಡಿನ ಸದ್ದಿನ ಬಟನ್ ಇದೆ, ಕಿವಿಗೆ ಹಾದಿ ಇಲ್ಲ. ಮೊನ್ನೆ ಆ ಹುಡುಗ ನನಗೆ ತೋರಿಸಿದ್ದೂ ಇಂಥದ್ದನ್ನೇ!

ಅಲ್ಲ ಮೆಲಿಯಾಮೆ, ಮುಂಗಾಣಲಾರದ ಸಾಮಾನನ್ನು ಹೊಸಬರಿಗೆಂದೇ ಮಾರುತ್ತಾರಲ್ಲ! ಮೊದಲೇ ಕೇಳಿಸಿಕೊಳ್ಳುವ ಅಗತ್ಯ ಹೊಸಬನಿಗಲ್ಲದೆ ಮತ್ತಾರಿಗೆ? ಕೋಪ ಎಷ್ಟು ಬಂತೆಂದರೆ ಮಾಕಾನಿಗೆ ಎರಡು ಪೊಟ್ಟಣ ಬಡಿಸಿಬಿಟ್ಟೆ. ತಿನ್ನುತ್ತಾ ಅವನು ಹೇಳಿಕೊಟ್ಟ: ಹಲಗೆಯ ಮುಂಬದಿಯಲ್ಲಿ ಹೆಡ್‌ಫೋನಿನ ತೂತು ಇರಬೇಕು. ಎರಡೂ ಹಾಡಿನ ಚಾನೆಲ್ಲಿಗೆ ಕಿವಿಯ ಚಿತ್ರವಿರುವ ಬಟನ್ ಇರಬೇಕು. ದೊಡ್ಡ ಪೆಟ್ಟಿಗೆಗಳಿಗೆ ಹೋಗುವ ಸದ್ದಿನ ಗುಬುಟೇ ಬೇರೆ, ಕಿವಿಯ ಸದ್ದಿನ ಗುಬುಟೇ ಬೇರೆ ಇರಬೇಕು. ಮೊದಲ ಸಾಮಾನಿಗೆ ಎರಡು ಚಾನೆಲ್ ಸಾಕು, ನಾಲ್ಕು ಬೇಡ. ನನ್ನ ಮಗನಂತೂ ಫೋನಿನಲ್ಲಿ "ಕ್ಲಬ್ಬಿನವ್ರ ಹತ್ರ ಇರೋ ದೊಡ್ಡದೇ ತಗೋಮ್ಮ, ಆಮೇಲೆ ಮಾರ್ಬೋದು" ಎಂದ. ನಾನಿನ್ನೂ ಕೊಂಡೇ ಇಲ್ಲ, ಅವನು ಆಗಲೇ ಮಾರುತ್ತಿದ್ದಾನೆ.

೮ ಜೂನ್, ಶನಿವಾರ

ಯಾರದೋ ಮನೆಯಲ್ಲಿ ಹಳೆಯದೊಂದಿದೆ ಎಂದು ಹೋದೆ. "ಎಲ್ಲಾ ಸರಿಯಾಗಿದೆ, ಒಂದೇ ವರ್ಷ ಬಳಸಿದ್ದು," ಎಂದ ಮಾಲೀಕ. ನಾನು ಚೀಲದಿಂದ ನನ್ನದೇ ಹೆಡ್‌ಫೋನ್ ತೆಗೆದು ಚರ್ಚಿನ ಟೋಪಿಯ ಮೇಲೆ ಸಿಕ್ಕಿಸಿಕೊಂಡೆ. ಎಡಗಿವಿಯಲ್ಲಿ ಹಾಡು, ಬಲಗಿವಿಯಲ್ಲಿ ಸ್ಮಶಾನ.

"ಬಲಗಡೆ ಬರ್ತಿಲ್ಲ."

"ನಿಮ್ಮ ಕಿವಿ ಇರ್ಬೇಕು."

ನನ್ನ ಕಿವಿಯಂತೆ! ಹೆಡ್‌ಫೋನನ್ನು ಅವನ ತಲೆಗೇ ಹಾಕಿದೆ. "ಹ್ಞಾ, ಸ್ವಲ್ಪ ಸಡಿಲ ಆಗಿರ್ಬೇಕು," ಎಂದ. ಸೊಂಟದ ಚಾಪೆ ಸರಿಮಾಡಿಕೊಂಡು ಹೊರಟೆ.

ಅಲ್ಲಿಂದ ನೆಟ್ಟಗೆ ಮತ್ತೆ ಅದೇ ಅಂಗಡಿ, ಅದೇ ತೂತುಕಿವಿಯ ಹುಡುಗ. ಈ ಸಲ ನಾನು ಅವನನ್ನು ಕೇಳಲಿಲ್ಲ, ಕೆಲಸ ಹೇಳಿದೆ. "ನೀನು ಅಲ್ಲಿ, ಪೆಟ್ಟಿಗೆಯ ಹತ್ರ ನಿಂತ್ಕೋ. ನಾನು ಇಲ್ಲಿ ಹಾಡು ಹಚ್ತೀನಿ. ನಿಂಗೆ ಕೇಳ್ಸಿದ್ರೆ ಕೈ ಎತ್ತು." ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಕಪ್ಪು ಹಲಗೆಯೊಂದಕ್ಕೆ ಹೆಡ್‌ಫೋನ್ ಚುಚ್ಚಿದೆ. ಕಿವಿಯ ಬಟನ್ ಒತ್ತಿದೆ. ಹಾಡು ನನ್ನ ತಲೆಯೊಳಗೆ ತುಂಬಿತು. ಹುಡುಗ ಅಲ್ಲಿ ಕೈ ಕೆಳಗಿಟ್ಟುಕೊಂಡು ಪೆದ್ದನ ಹಾಗೆ ನಿಂತಿದ್ದ. ಇಡೀ ಅಂಗಡಿಯಲ್ಲಿ ನನಗೊಬ್ಬಳಿಗೇ ಕೇಳುತ್ತಿತ್ತು.

"ಇದಕ್ಕೆ ದೀಪ ಜಾಸ್ತಿ ಇಲ್ಲ ಅಜ್ಜಿ," ಎಂದ.

"ನಮ್ಮನೇಲಿ ಬಲ್ಬಿದೆ. ಕಟ್ಟಿಕೊಡು."

೧೬ ಜೂನ್, ಭಾನುವಾರ

ಈ ಸಾಮಾನಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ ಎಂದು ಇಲ್ಲೇ ಬರೆದಿಡುತ್ತೇನೆ. ಹುಡುಗಿಯ ದಿನ ಮುಗಿದ ಮಾರನೆಯ ದಿನ ಮಾರುತ್ತೇನೆ. ಲೆಸಿಯೆಲಿಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ದಿನಾ ಅಷ್ಟಿಷ್ಟು ಅಭ್ಯಾಸ ಮಾಡುತ್ತೇನೆ, ಅಷ್ಟೇ. ಒಂದು ಕಿವಿಯ ಮೇಲೆ ಹೆಡ್‌ಫೋನ್, ಇನ್ನೊಂದು ಕಿವಿ ಕೋಣೆಗೆ. ಎರಡು ಹಾಡಿನ ಹೆಜ್ಜೆ ಕೂಡಿಸುವುದು ದೊಡ್ಡ ವಿದ್ಯೆಯಂತೆ. ದೊಡ್ಡದೇನು ಬಂತು? ಹೆಂಗಸರು ಸಾಲಾಗಿ ಕೂತು ಮರದ ತೊಗಟೆ ಬಡಿದು ತೊಗಟೆಬಟ್ಟೆ ಮಾಡುವಾಗ ಪಕ್ಕದವಳ ಕೊಡತಿಗೆ ನಮ್ಮ ಕೊಡತಿ ಕೂಡಿಸುವುದಿಲ್ಲವೇ? ಪಕ್ಕದವಳು ಮುಂದೆ ಓಡಿದರೆ ನಾವು ಚೂರು ಚುರುಕಾಗುತ್ತೇವೆ, ಅಷ್ಟೇ. ಎರಡನೇ ದಿನಕ್ಕೇ ಕೂಡಿತು. ಮಾಕಾ ಬಾಯಿ ತೆರೆದುಕೊಂಡು ನಿಂತ.

ಗೆಣಸು ತಳ ಹಿಡಿಯಿತು, ಅದು ಬೇರೆ ವಿಷಯ.

೧೯ ಜೂನ್, ಬುಧವಾರ

ಧಂ ಧಂ ಎನ್ನುವ ತಳಸದ್ದಿನ ಗುಬುಟು ತೀರಾ ಚಿಕ್ಕದು. ಮಾಡಿದವನಿಗೆ ಬೆರಳೇ ಇಲ್ಲವೇನೋ! ಒಂದು ಹಾಡಿನ ತಳಸದ್ದನ್ನು ಇಳಿಸಿ ಇನ್ನೊಂದರದ್ದನ್ನು ಏರಿಸುವ ಆ ಗಳಿಗೆಯಲ್ಲಿ ಬೆರಳು ಜಾರುತ್ತದೆ. ಎಂಥ ಒಳ್ಳೆಯ ಗಳಿಗೆ ಅದು, ಹಾಳುಮಾಡುತ್ತಾರೆ.

ಮತ್ತೆ ಗೆಣಸು.

೩೦ ಜೂನ್, ಭಾನುವಾರ

ತಡೆಯಲಾರದೆ ಬರೆಯುತ್ತಿದ್ದೇನೆ. ಸೆಲಾ ಬಂದಿದ್ದಳು, ಕೊಡ ಪೂರ್ತಿ ತುಂಬಿತ್ತು.

"ಅತ್ತಿಗೆ, ಹಾಡಿಗೆ ನಿಮ್ ತಮ್ಮ ಬೇಡ ಅನ್ಲಿಲ್ಲ. ನಿಮ್ ಮಾತಿಗೆ ಅವರು ಬೇಡ ಅನ್ನೋ ಹಾಗಿಲ್ವಲ್ಲ."

"ಮತ್ತೇನು?"

"ಹಿರಿಯರು ಕೇಳ್ತಿದಾರೆ. ಹುಡುಗಿಗೆ ಸೋದರತ್ತೆ ನೀವು. ಅವತ್ತು ಎಲ್ಲರಿಗಿಂತ ಮೇಲಿನ ಮರ್ಯಾದೆಯ ಫಾಹೂ ನೀವು. ವೇದಿಕೆ ಮೇಲೆ ನವಿರು ಚಾಪೆ ಹಾಸಿ ನಿಮ್ಮನ್ನ ಕೂರಿಸ್ಬೇಕು. ಕೇಕಿನ ಮೇಲಿನ ಅಂತಸ್ತು, ಉಡುಗೊರೆ ಚಾಪೆ, ಎಲ್ಲಾ ನಿಮ್ಮ ಮುಂದೆ ತಂದಿಡ್ಬೇಕು. ನೀವು ಮೂಲೇಲಿ ವೈರಿನ ಮಧ್ಯ ನಿಂತ್ಬಿಟ್ರೆ ನಾವು ಯಾರ ಮುಂದೆ ಇಡೋದು? ಖಾಲಿ ಚಾಪೆ ಮುಂದೆ ಇಟ್ರೆ ಊರು ನಗುತ್ತೆ. ಸೇವೆ ಮಾಡೋದು ಸೋದರತ್ತೆಗೆ ಒಪ್ಪುತ್ತಾ ಅಂತಿದಾರೆ."

ಅರವತ್ತೇಳು ವರ್ಷ ನಾನು ಈ ಮನೆತನದ ದೊಡ್ಡ ಮಗಳು. ಆ ಚಾಪೆ ನನ್ನದು. ಅಮ್ಮ ತೀರಿಕೊಂಡ ಮೇಲೆ ಕೆಲೆಪಿಯ ಮಕ್ಕಳ ಪ್ರತಿ ಶುಭಕ್ಕೂ ಅದರ ಮೇಲೆ ಕೂತಿದ್ದೇನೆ. ಈಗ ಚಾಪೆಯೋ ಹಾಡೋ ನೀನೇ ಆರಿಸು ಎನ್ನುತ್ತಾರಲ್ಲ! ಚಾಪೆಯ ಮೇಲೆ ಕೂತರೆ ಹಾಡು ಮತ್ತೆ ಕುರುಡು ಹಾಡು, ಯಾವ ಸಾಲು ಯಾವಾಗ ಬರುತ್ತದೋ. ಕೆಲೆಪಿ ಇನ್ನೊಮ್ಮೆ ಎದ್ದು ಹೋದನೆಂದರೆ ಲೆಸಿಯೆಲಿ ಸಭಾಂಗಣದ ನಡುವೆ ಕುಣಿತಕ್ಕೆಂದು ಎಣ್ಣೆ ಹಚ್ಚಿದ ಮೈಯಲ್ಲಿ ಒಬ್ಬಳೇ ನಿಂತಿರುತ್ತಾಳೆ, ಆ ಹುಡುಗ ನಿಂತಿದ್ದ ಹಾಗೆ. ಮೇಜಿನ ಹಿಂದೆ ನಿಂತರೆ ಕೆಲೆಪಿಯ ಮನೆಗೇ ಅವಮಾನ.

"ಮಾಕಾ ಕೈಗೆ ಕೊಡಿ ಅತ್ತಿಗೆ," ಎಂದಳು ಸೆಲಾ.

"ಕೊಡಲ್ಲ," ಎಂದೆ. ಯಾಕೆ ಅಷ್ಟು ಬೇಗ ಎಂದೆನೋ. ಅವನಿಗೆ ಆ ಚಿಕ್ಕ ಗುಬುಟು ಜಾರುತ್ತದೆ, ಅದಕ್ಕೇ ಇರಬೇಕು.

೭ ಜುಲೈ, ಭಾನುವಾರ

ಲೆಸಿಯೆಲಿ ನಮ್ಮ ಮನೆಯಲ್ಲಿ ಕುಣಿದಳು. ನಾನು ಸೋಫಾ ಗೋಡೆಗೆ ಸರಿಸಿ ಅಮ್ಮನ ಹಾಡು ಹಚ್ಚಿದೆ. ಸೋದರಿಕೆಯವರು ಕುಣಿಯುವವಳ ಎಣ್ಣೆಮೈಗೆ ನೋಟು ಅಂಟಿಸುವ ಸಾಲನ್ನು ಅಂದಾಜು ಮಾಡಿದರೆ, ಸಾಲು ಮುಗಿಯುವ ಮೊದಲೇ ಹಾಡು ಮುಗಿಯುತ್ತದೆ.

"ಅತ್ತೆ, ಕೊನೇಲಿ ನಾನು ಸುಮ್ನೆ ನಿಂತಿರ್ಬೇಕಾ?"

"ನಿಲ್ಲಿಸ್ತೀನಾ ನಿನ್ನ?" ಎಂದು ಸುತ್ತು ಬಟನ್ ಒತ್ತಿದೆ. ಅಮ್ಮನಿಗೆ ಇಷ್ಟವಾಗಿದ್ದ ಆ ತುಂಡು ತಿರುತಿರುಗಿ ಬಂತು, ಕಣ್ಣಿಗೆ ಕಾಣದ ಹೊಲಿಗೆ ಹಾಕಿದ ಹಾಗೆ. ಹುಡುಗಿ ನಗುತ್ತಾ ಕುಣಿದಳು, ಕುಣಿದಳು.

"ಅತ್ತೆ, ನೀವ್ಯಾಕೆ ಅಳ್ತಿದೀರಾ?"

"ಈರುಳ್ಳಿ."

"ಈರುಳ್ಳಿ ಎಲ್ಲಿದೆ ಅತ್ತೆ?"

ಈ ಕಾಲದ ಹುಡುಗಿಯರಿಗೆ ಪ್ರಶ್ನೆ ಜಾಸ್ತಿ.

೨೧ ಜುಲೈ, ಭಾನುವಾರ

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ, ಕೋಪ ಬಂದಲ್ಲಿ ಕೋಪವನ್ನೂ.

ಸಭಾಂಗಣಕ್ಕೆ ಬೆಳಿಗ್ಗೆಯೇ ಹೋದೆ. ವಿದ್ಯುತ್ತಿನ ಒಂದೇ ಒಂದು ಪ್ಲಗ್ಗು, ಅದಕ್ಕೆ ಅಡುಗೆಯವರು ಚಹಾದ ಪಾತ್ರೆ ಚುಚ್ಚಿದ್ದರು! ಜಗಳವಾಡಿ ತೆಗೆಸಿದೆ. ವೇದಿಕೆಯ ಮೇಲೆ ಹೂವಿನ ಕೆಳಗೆ ನವಿರು ಚಾಪೆ ಹಾಸಿತ್ತು. ಜನ ತುಂಬಿದರು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಎಲ್ಲರ ಕಣ್ಣೂ ನನ್ನ ಮೇಲೆ, ಚಾಪೆಯ ಮೇಲೆ, ಮತ್ತೆ ನನ್ನ ಮೇಲೆ. ನಾನು ವೇದಿಕೆಯ ಮೆಟ್ಟಿಲವರೆಗೂ ಹೋದೆ. ಆಮೇಲೆ ತಿರುಗಿ ಮೂಲೆಯ ಮೇಜಿನ ಹಿಂದೆ ಹೋಗಿ ನಿಂತು, ಟೋಪಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡೆ. ಗುಸುಗುಸು ಎದ್ದಿತು. ದೊಡ್ಡಪ್ಪನ ಮಗ ತಲೆ ಅಲ್ಲಾಡಿಸಿದ. ಸೆಲಾ ಕೇಕಿನ ಮೇಲಿನ ಅಂತಸ್ತನ್ನು ಹಿಡಿದುಕೊಂಡು ಎತ್ತ ಹೋಗುವುದೆಂದು ತಿಳಿಯದೆ ನಡುವೆ ನಿಂತುಬಿಟ್ಟಳು.

ಕೆಲೆಪಿ ಎದ್ದ. ಹೊರಟ ಎಂದುಕೊಂಡೆ.

ಅವನು ಬಾಗಿಲಿಗೆ ಹೋಗಲಿಲ್ಲ. ವೇದಿಕೆ ಹತ್ತಿ, ಮೊಣಕಾಲೂರಿ, ಚಾಪೆಯನ್ನು ಸುತ್ತಿದ. ಹೆಗಲ ಮೇಲೆ ಹೊತ್ತುಕೊಂಡು ಇಡೀ ಸಭಾಂಗಣ ದಾಟಿ ನನ್ನ ಮೇಜಿನ ಹಿಂದೆ ಬಂದ. ನನ್ನ ಮುಖ ನೋಡಲಿಲ್ಲ. ವೈರುಗಳನ್ನು ಒಂದೊಂದಾಗಿ ಎತ್ತಿ, ಅಡಿಯಲ್ಲಿ ಚಾಪೆ ಹಾಸಿ, ಮತ್ತೆ ಒಂದೊಂದಾಗಿ ಇಳಿಸಿದ. ಅಂಚು ನೇರಮಾಡಿದ. ನಾನು ಚಪ್ಪಲಿ ಕಳಚಿ ಅದರ ಮೇಲೆ ನಿಂತೆ. ಅವನು ವಾಪಸ್ಸು ಹೋಗಿ ಕೂತ.

ಆಮೇಲೆ ಎಲ್ಲವೂ ಅಲ್ಲಿಗೇ ಬಂತು. ಉಡುಗೊರೆ ಚಾಪೆಗಳು, ತೊಗಟೆಬಟ್ಟೆ, ಹಂದಿಯ ಬೆನ್ನು, ಎಲ್ಲ ಪೆಟ್ಟಿಗೆಗಳ ಹಿಂದೆ. ಸೆಲಾ ಕೇಕನ್ನು ತಳಸದ್ದಿನ ಪೆಟ್ಟಿಗೆಯ ಮೇಲೇ ಇಟ್ಟಳು! ಕೇಕು ತಾಳದ ಒಂದೊಂದು ಪೆಟ್ಟಿಗೂ ಜಿಗಿಯುತ್ತಾ ನನ್ನ ಕಡೆಗೆ ಬಂತು. "ಏಯ್! ಕೆನೆ ಗುಬುಟಿಗೆ ಹತ್ತುತ್ತೆ, ತೆಗಿಯೇ!" ಎಂದು ಪಾದ್ರಿಯ ಎದುರೇ ಕೂಗಿದೆ.

ಲೆಸಿಯೆಲಿ ಕುಣಿದಳು. ಅಮ್ಮನ ಹಾಡು ಬೇಕಾದಷ್ಟು ಹೊತ್ತು ಬಂತು. ಕೊನೆಯ ಮುದುಕಿ ಕೋಲೂರಿಕೊಂಡು ಬಂದು ನೋಟು ಅಂಟಿಸಿ, ನಾಲ್ಕು ಹೆಜ್ಜೆ ತಾನೂ ಕುಣಿದು ವಾಪಸ್ಸು ಕೂರುವವರೆಗೂ ನಾನು ಬಿಡಲಿಲ್ಲ.

ಊಟದ ಹೊತ್ತಿಗೆ ಅವಳ ಗೆಳತಿಯರು ಬಂದರು. "ಅಜ್ಜಿ, ಈ ಹಾಡು ಹಾಕಿ, ತುಂಬಾ ಒಳ್ಳೇದು." ಹೆಸರು ಒಂದು ಹೂವಿನದು. ನಾನು ಮೊದಲು ಕಿವಿಗೆ ಹಾಕಿಕೊಂಡೆ. ಶುರು ಚೆನ್ನಾಗಿತ್ತು. ಮಾಕಾನ ನೆನಪಾಗಿ ನಡುವಿಗೆ ಹಾರಿಸಿದೆ. ಅದೇ ಹೊತ್ತಿಗೆ ಕೆಲೆಪಿ ತಟ್ಟೆ ಹಿಡಿದು ನನ್ನ ಮೇಜಿನ ಮುಂದೆಯೇ, ಕೈಯಳತೆಯಲ್ಲಿ, ಹಂದಿಯ ಚರ್ಮ ಕಟುಂ ಕಟುಂ ಎಂದು ಅಗಿಯುತ್ತಾ ನಿಂತಿದ್ದ. ಆಗ ಬಂತು ನೋಡು ಒಂದು ಸಾಲು! ಅಯ್ಯೋ ಮೆಲಿಯಾಮೆ, ಮೊದಲಿನದ್ದು ಇದರ ಮುಂದೆ ಭಾನುವಾರದ ಪಾಠ. ನನ್ನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಉರಿದವು. ಕೆಲೆಪಿ ಅಗಿಯುತ್ತಲೇ ಇದ್ದ. ತಾಳಕ್ಕೆ ತಲೆ ಹಾಕುತ್ತಿದ್ದ, ಪೆಟ್ಟಿಗೆಯಿಂದ ಬರುತ್ತಿದ್ದ ಹಳೆಯ ಹಾಡಿನ ತಾಳಕ್ಕೆ. ಆ ಸಾಲು ನನ್ನ ತಲೆಯೊಳಗೇ ಹುಟ್ಟಿ ಅಲ್ಲೇ ಸತ್ತಿತು.

"ಅಜ್ಜಿ, ನಮ್ ಹಾಡು?"

"ಕೆಟ್ಟೋಗಿದೆ," ಎಂದೆ. ಸುಳ್ಳಲ್ಲ.

ಕೆಲೆಪಿ ಕೊನೆಯವರೆಗೂ ಇದ್ದ. ಎರಡು ಸಲ ಬಡಿಸಿಕೊಂಡ.

೨೫ ಜುಲೈ, ಗುರುವಾರ

ಜನಕ್ಕೆ ನಾಚಿಕೆಯೇ ಇಲ್ಲ! ಒಟಾಹುಹುವಿನ ಚರ್ಚಿನವರು ಮದುವೆಗೆ ಬಾ ಎನ್ನುತ್ತಾರೆ, ಆದರೆ ಅವರ ಪೆಟ್ಟಿಗೆಗಳು ಒಡೆದ ಡಬ್ಬಗಳು, ಅದರಲ್ಲಿ ಯಾರು ಹಾಕುತ್ತಾರೆ? ಮೊದಲು ಅದನ್ನು ಸರಿಮಾಡಿಸಿ ಎಂದೆ. ಮಗ ಫೋನ್ ಮಾಡಿ, "ಅಮ್ಮಾ, ಮಿಷಿನ್ ಮಾರೋಕೆ ಒಬ್ಬ ಸಿಕ್ಕಿದಾನೆ," ಎಂದ. ಯಾರು ಮಾರಲು ಹೇಳಿದರು ಅವನಿಗೆ? ಚೆನ್ನಾಗಿ ಬೈದೆ. ಮಾಕಾನಿಗೂ ನನ್ನದರಂಥದ್ದೇ ಕೊಡಿಸಲು ನಾಳಿದ್ದು ಆ ಅಂಗಡಿಗೆ ಹೋಗಬೇಕು. ಒಬ್ಬನೇ ಹೋದರೆ ಮತ್ತೆ ದೀಪ ನೋಡಿ ಮರುಳಾಗುತ್ತಾನೆ.

ಸೆಲಾ ಬಂದಿದ್ದಳು. ಈ ಸಲ ಕೊಡದಲ್ಲಿ ಹನಿಯಷ್ಟೇ ಇತ್ತು.

"ಅತ್ತಿಗೆ, ಅವತ್ತು ಊಟದ ಹೊತ್ತಲ್ಲಿ ಹಾಕಿದ್ರಲ್ಲ ಒಂದು ಹಳೇ ಹಾಡು, ಅದರ ಹೆಸರೇನು ಅಂತ ಕೇಳಿದಾರೆ ನಿಮ್ ತಮ್ಮ. ಕಾರು ತೊಳೀತಾ ಅದನ್ನೇ ಗುನುಗ್ತಿದಾರೆ, ಮಾತು ಬರಲ್ಲ, ತಪ್ಪುತಪ್ಪು ಹಾಡ್ತಾರೆ. ಫೋನಿಗೆ ಹಾಕಿ ಕೊಡಿ ಅಂದ್ರು."

ಹಾಕಿಕೊಟ್ಟೆ. ಮೊದಲು ಶುರುವಿನಿಂದ ಕೊನೆಯವರೆಗೆ ನಾನು ಕೇಳಿಯೇ ಕೊಟ್ಟೆ. ಅವಳಿಗೆ ಚಹಾವನ್ನೂ ಕೊಟ್ಟೆ.

ಮೆಲಿಯಾಮೆ, ಈ ಹಾಳೆಗಳನ್ನು ಹರಿದು ನಿನಗೇ ಕಳಿಸಿಬಿಡುತ್ತೇನೆ. ಫೋನ್ ಮಾಡುವುದಿದ್ದರೆ ಮಾಡು, ಕೆಲೆಪಿಗೆ ಗೊತ್ತಿಲ್ಲದ್ದು ಇದರಲ್ಲಿ ಒಂದೇ ಸಾಲು, ಅದನ್ನು ನಾನು ಬರೆದಿಲ್ಲ. ವಾಯ್‌ಸೀನಿಯ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನಾನು ಸಾಮಾನು ಸಮೇತ ಹಾಪಾಯಿಗೆ ಬರುತ್ತೇನೆ. ನಿಮ್ಮ ಸಭಾಂಗಣದಲ್ಲಿ ಪ್ಲಗ್ಗುಗಳೆಷ್ಟು, ಚಹಾದ ಪಾತ್ರೆಯನ್ನು ಬೇರೆಲ್ಲಾದರೂ ಇಡಲಾಗುತ್ತದೆಯೇ, ಪೆನಿಗೆ ಯಾವ ಹಾಡು ಇಷ್ಟ, ನಿನಗೆ ಯಾವುದು, ಎಲ್ಲವನ್ನೂ ಬರೆ. ತಡಮಾಡಬೇಡ, ಈ ಹಡಗಿಗೇ ಉತ್ತರ ಹಾಕು. ಹಾಡುಗಳನ್ನೆಲ್ಲ ನಾನು ಮೊದಲೇ ಕೇಳಿಡಬೇಕು.